ಆರು ನಾಯಿಗಳ ಹಿಂದೆ ಫಾರ್ಟಿಮೈಲ್‌ಗೆ

ಏನೇ ಆದರೂ ಜಾರುಬಂಡಿಯ ಹಿಡಿಯನ್ನು ಕೈಬಿಡಬಾರದು ಎಂಬ ಮಾತನ್ನು ನಮ್ಮ ಮಾರ್ಗದರ್ಶಿ ಆ ಬೆಳಿಗ್ಗೆ ನಾಲ್ಕು ಸಲ ಹೇಳಿದ್ದರು. ಬಂಡಿ ಮಗುಚಿದರೂ ಸರಿ, ಹಿಮದ ಮೇಲೆ ಹೊಟ್ಟೆಯಡಿಯಾಗಿ ನೂರು ಗಜ ಎಳೆದುಕೊಂಡು ಹೋದರೂ ಸರಿ, ಹಿಡಿ ಮಾತ್ರ ಕೈಯಲ್ಲೇ ಇರಬೇಕು. ಬಿಟ್ಟರೆ ನಾಯಿಗಳು ನಿಮಗಾಗಿ ನಿಲ್ಲುವುದಿಲ್ಲ, ಹಗುರಾದ ಬಂಡಿ ಸಿಕ್ಕಿತೆಂದು ಇನ್ನಷ್ಟು ಖುಷಿಯಿಂದ ಓಡುತ್ತವೆ ಎಂದು ವಿವರಿಸಿದ್ದರು. ಹೊರಟು ಇಪ್ಪತ್ತು ನಿಮಿಷವಾಗುವುದರೊಳಗೆ, ದಂಡೆಯಿಂದ ಹೆಪ್ಪುಗಟ್ಟಿದ ಯುಕಾನ್ ನದಿಯ ಮೇಲಕ್ಕೆ ಇಳಿಯುವ ತಿರುವಿನಲ್ಲಿ, ನಾನು ಕೈಬಿಟ್ಟೆ.

ಬಂಡಿ ಬಲಕ್ಕೆ ವಾಲಿದಾಗ ಎಡಕ್ಕೆ ಭಾರ ಹಾಕಬೇಕಿತ್ತು. ನಾನು ಬಂಡಿಯ ಜೊತೆಗೇ ವಾಲಿದೆ. ಮೊಣಕಾಲುದ್ದದ ಹಿಮದಿಂದ ಮುಖವೆತ್ತಿ ನೋಡುವಷ್ಟರಲ್ಲಿ ನನ್ನ ಆರು ನಾಯಿಗಳೂ, ಬಂಡಿಯಲ್ಲಿದ್ದ ನನ್ನ ಊಟವೂ ಹಾಸಿಗೆಯೂ ನದಿಯ ನಡುವೆ ಚಿಕ್ಕದಾಗುತ್ತ ಹೋಗುತ್ತಿದ್ದವು. ಪುಣ್ಯಕ್ಕೆ ಮಾರ್ಗದರ್ಶಿಯ ಬಂಡಿ ಮುಂದಿತ್ತು, ಅದರ ಹಿಂದೆ ಹೋಗಿ ಅವು ನಿಂತವು. ನಾನು ಅಷ್ಟು ದೂರ ಏದುಸಿರು ಬಿಡುತ್ತ ನಡೆದು ಹೋದಾಗ ಮುಂಚೂಣಿಯ ಹೆಣ್ಣುನಾಯಿ ಒಮ್ಮೆ ಹಿಂದಿರುಗಿ ನೋಡಿತು. ಸಾಮಾನು ಬಂದು ಸೇರಿತೆಂದು ಖಾತ್ರಿ ಮಾಡಿಕೊಂಡವರಂತೆ ಮತ್ತೆ ಮುಂದಕ್ಕೆ ಮುಖ ತಿರುಗಿಸಿತು.

ಕೆನಡಾದ ವಾಯವ್ಯ ಮೂಲೆಯಲ್ಲಿ, ಕ್ಲೊಂಡೈಕ್ ಎಂಬ ಸಣ್ಣ ನದಿ ಯುಕಾನ್ ಎಂಬ ಮಹಾನದಿಯನ್ನು ಸೇರುವಲ್ಲಿ, ಡಾಸನ್ ಎಂಬ ಊರಿದೆ. ವ್ಯಾಂಕೂವರ್‌ನಲ್ಲಿ ಹಲವು ವರ್ಷಗಳಿಂದ ಇದ್ದರೂ ಅಲ್ಲಿಗೆ ಹೋಗಬೇಕೆಂದು ನನಗೆ ಅನ್ನಿಸಿರಲಿಲ್ಲ. ನಾನು ಬಂಗಾರಪೇಟೆಯ ಹತ್ತಿರದವನು; ಚಿನ್ನ ತೆಗೆದು ಮುಗಿದ ಊರು ಹೇಗಿರುತ್ತದೆಂದು ನೋಡಲು ವಿಮಾನ ಹತ್ತಬೇಕಾಗಿಲ್ಲ ಎಂಬ ಸಣ್ಣ ಅಹಂಕಾರವೂ ಇತ್ತು. ಕೊನೆಗೊಂದು ಮಾರ್ಚ್ ತಿಂಗಳಲ್ಲಿ ವೈಟ್‌ಹಾರ್ಸ್‌ವರೆಗೆ ಹಾರಿ, ಅಲ್ಲಿಂದ 530 ಕಿಲೋಮೀಟರ್ ಕಾರು ಓಡಿಸಿಕೊಂಡು ಡಾಸನ್ ಸಮೀಪಿಸಿದಾಗ ರಸ್ತೆಯ ಪಕ್ಕದಲ್ಲಿ ಹಿಮ ಹೊದ್ದ ಕಲ್ಲುರಾಶಿಗಳು ಕಾಣಿಸಿಕೊಂಡವು. ದೈತ್ಯಾಕಾರದ ಎರೆಹುಳು ಹರಿದುಹೋದ ಜಾಡಿನಂತೆ ಸುತ್ತಿ ಸುತ್ತಿ ಬಿದ್ದಿರುವ ಈ ರಾಶಿಗಳು ಡ್ರೆಜ್ ಯಂತ್ರಗಳು ಕಣಿವೆಯನ್ನು ಬುಡಮೇಲು ಮಾಡಿ, ಚಿನ್ನ ಸೋಸಿಕೊಂಡು, ಹಿಂದಕ್ಕೆ ಉಗುಳಿದ ಕಲ್ಲುಗಳು. ಅಂಥ ಯಂತ್ರಗಳಲ್ಲಿ ಒಂದು, 1912ರಲ್ಲಿ ಕಟ್ಟಿ 1959ರವರೆಗೆ ದುಡಿಸಿದ ನಾಲ್ಕನೇ ನಂಬರಿನ ಡ್ರೆಜ್, ಎಂಟು ಅಂತಸ್ತಿನಷ್ಟು ಎತ್ತರವಾಗಿ ಇಂದಿಗೂ ಬೊನಾಂಜಾ ತೊರೆಯ ಬಳಿ ನಿಂತಿದೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡುತ್ತ ಬೆಳೆದವನಿಗೆ ಅದು ಪರಿಚಿತ ದೃಶ್ಯವೇ. ಆದರೆ ನಾನು ನೋಡಲು ಬಂದದ್ದು ಯಂತ್ರಗಳಿಗಿಂತ ಮೊದಲಿನ ದಾರಿಯನ್ನು, ನಾಯಿಗಳ ಕಾಲದ ದಾರಿಯನ್ನು.

ಆ ದಾರಿ ಬೊನಾಂಜಾ ತೊರೆಯ ಕಡೆಗಲ್ಲದೆ, ಅದಕ್ಕೆ ವಿರುದ್ಧವಾಗಿ ನದಿಯ ಹರಿವಿನೊಡನೆ ಕೆಳಕ್ಕೆ, ಸುಮಾರು 80 ಕಿಲೋಮೀಟರ್ ದೂರದ ಫಾರ್ಟಿಮೈಲ್ ಎಂಬ ಖಾಲಿ ಊರಿಗೆ ಹೋಗುತ್ತದೆ. ಹೋಗಲು ಎರಡು ದಿನ, ಬರಲು ಎರಡು ದಿನ. ಕ್ಲೊಂಡೈಕ್‌ನಲ್ಲಿ ಚಿನ್ನ ಸಿಗುವುದಕ್ಕೆ ಹತ್ತು ವರ್ಷ ಮೊದಲೇ, 1886ರಲ್ಲಿ, ಫಾರ್ಟಿಮೈಲ್ ನದಿಯಲ್ಲಿ ಚಿನ್ನ ಸಿಕ್ಕಿತ್ತು. ಅದು ಯುಕಾನ್ ಸೇರುವಲ್ಲಿ ಒಂದು ಊರು ಎದ್ದಿತ್ತು. 1896ರ ಆಗಸ್ಟ್ 16ರಂದು ರ‍್ಯಾಬಿಟ್ ಕ್ರೀಕ್ ಎಂಬ, ಮುಂದೆ ಬೊನಾಂಜಾ ಎಂದು ಹೆಸರಾದ ತೊರೆಯಲ್ಲಿ ಚಿನ್ನ ಕಂಡವರು ಟ್ಯಾಗಿಶ್ ಜನಾಂಗದ ಕೀಶ್, ಅವನ ಸೋದರಳಿಯ ಕಾ ಗೂಕ್ಸ್, ಮತ್ತು ಆ ಮನೆತನದ ಹೆಣ್ಣಿನೊಡನೆ ಬಾಳುತ್ತಿದ್ದ ಜಾರ್ಜ್ ಕಾರ್ಮ್ಯಾಕ್. ಬಿಳಿಯರ ದಾಖಲೆಯಲ್ಲಿ ಕೀಶ್‌ನ ಹೆಸರು ಸ್ಕೂಕಮ್ ಜಿಮ್, ಕಾ ಗೂಕ್ಸ್‌ನ ಹೆಸರು ಡಾಸನ್ ಚಾರ್ಲಿ. ಚಿನ್ನ ಮೊದಲು ಯಾರ ಕಣ್ಣಿಗೆ ಬಿತ್ತೆಂಬ ಜಗಳ ಇವತ್ತಿಗೂ ಮುಗಿದಿಲ್ಲ, ಆದರೆ ಶೋಧಕನ ಹಕ್ಕಿನ ತುಂಡು ನೆಲ ಕಾರ್ಮ್ಯಾಕ್‌ನ ಹೆಸರಿಗೆ ಹೋಯಿತು. ಅದನ್ನು ದಾಖಲಿಸಲು ಆತ ಬಂದದ್ದು ಫಾರ್ಟಿಮೈಲ್‌ಗೆ. ಅಲ್ಲಿನ ಸಾರಾಯಿ ಅಂಗಡಿಯಲ್ಲಿ ಬಂದೂಕಿನ ತೋಟಾದ ಖಾಲಿ ಕೊಳವೆಯಿಂದ ಆತ ಚಿನ್ನವನ್ನು ಸುರಿದು ತೋರಿಸಿದ ಮೇಲೆ ಕೆಲವೇ ದಿನಗಳಲ್ಲಿ ಊರು ಬರಿದಾಯಿತು. ಅಂದರೆ ನಾವು ಹೊರಟದ್ದು ಚಿನ್ನದ ಸುದ್ದಿ ಹೋದ ದಾರಿಯಲ್ಲಿ. ಜನ ಬಂದದ್ದು ಎದುರು ದಿಕ್ಕಿನಿಂದ.

ನಾಯಿಗಳನ್ನು ಬಂಡಿಗೆ ಕಟ್ಟುವ ಹೊತ್ತಿನ ಗದ್ದಲವನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ. ಅಂಗಳದಲ್ಲಿದ್ದ ಮೂವತ್ತಕ್ಕೂ ಹೆಚ್ಚು ನಾಯಿಗಳಿಗೆ ಎದೆಪಟ್ಟಿಗಳು ಹೊರಬಂದದ್ದು ಕಂಡ ಕೂಡಲೇ ಹುಚ್ಚು ಹಿಡಿಯಿತು. ಅವು ಬೊಗಳುತ್ತವೆ, ಊಳಿಡುತ್ತವೆ, ನಿಂತಲ್ಲೇ ನಾಲ್ಕೂ ಕಾಲಿನಲ್ಲಿ ಜಿಗಿಯುತ್ತವೆ, ನನ್ನನ್ನು ಕಟ್ಟು ನನ್ನನ್ನು ಕಟ್ಟು ಎಂದು ಮೈಮೇಲೆ ಬೀಳುತ್ತವೆ. ಹಿಮದಲ್ಲಿ ಊರಿದ ಕಬ್ಬಿಣದ ಕೊಕ್ಕೆಯ ಜೊತೆಗೆ ಮರಕ್ಕೊಂದು ಹಗ್ಗ ಬಿಗಿಯದಿದ್ದರೆ ಸವಾರನಿಲ್ಲದೆಯೇ ಹೊರಟುಬಿಡುತ್ತವೆ. ಇವು ಚಿತ್ರಗಳಲ್ಲಿ ಕಾಣುವ ನೀಲಿಗಣ್ಣಿನ ದಪ್ಪ ತುಪ್ಪಳದ ನಾಯಿಗಳಲ್ಲ. ಅಲಾಸ್ಕನ್ ಹಸ್ಕಿ ಎಂದು ಕರೆಯುವ, ಇಪ್ಪತ್ತು ಇಪ್ಪತ್ತೈದು ಕಿಲೋ ತೂಗುವ, ನಮ್ಮ ಬೀದಿನಾಯಿಗಳ ದೂರದ ನೆಂಟರಂತೆ ಕಾಣುವ ಮಿಶ್ರತಳಿಯವು. ಒಂದೇ ಸೂಲಿನ ಮರಿಗಳಿಗೆ ಒಂದೇ ಬಗೆಯ ಹೆಸರಿಡುವುದು ಅಲ್ಲಿನ ರೂಢಿ. ನನ್ನ ಪಾಲಿಗೆ ಬಂದ ನಾಲ್ವರು ಒಡಹುಟ್ಟಿದವರ ಹೆಸರುಗಳು ಪೆಪ್ಪರ್, ಕ್ಲೋವ್, ಕ್ಯೂಮಿನ್, ನಟ್‌ಮೆಗ್. ಒಗ್ಗರಣೆ ಡಬ್ಬಿಯೇ ಬಂಡಿ ಎಳೆಯಲು ನಿಂತಂತಿತ್ತು. ಎರಡನೆಯ ದಿನದ ಹೊತ್ತಿಗೆ ನಾನು ಮುಂಚೂಣಿಯ ಕ್ಯೂಮಿನ್‌ಳನ್ನು ಜೀರಿಗೆ ಎಂದೇ ಕರೆಯತೊಡಗಿದೆ, ಅವಳೂ ಅದಕ್ಕೆ ಕಿವಿ ನಿಮಿರಿಸತೊಡಗಿದಳು.

ಕೊಕ್ಕೆ ಕಿತ್ತ ಕ್ಷಣದಲ್ಲಿ ಆ ಗದ್ದಲವೆಲ್ಲ ಕತ್ತರಿಸಿದಂತೆ ನಿಂತುಹೋಗುತ್ತದೆ. ಓಡುವ ನಾಯಿ ಬೊಗಳುವುದಿಲ್ಲ. ಉಳಿಯುವುದು ಹಿಮದ ಮೇಲೆ ಜಾರುಪಟ್ಟಿಗಳು ಉಜ್ಜುವ ಸದ್ದು, ಇಪ್ಪತ್ತನಾಲ್ಕು ಪಾದಗಳ ಮೆತ್ತನೆಯ ತಾಳ, ಆರು ಬಾಯಿಗಳ ಉಸಿರು. ಹಿಂದೆ ನಿಂತವನ ಕೈಯಲ್ಲಿ ಲಗಾಮೂ ಇಲ್ಲ, ಚಾವಟಿಯೂ ಇಲ್ಲ. ಕಾಲಡಿಯಲ್ಲಿ ಒಂದು ಬ್ರೇಕು ಇದೆ, ಬಾಯಲ್ಲಿ ಮೂರು ನಾಲ್ಕು ಮಾತುಗಳಿವೆ: ಬಲಕ್ಕೆ 'ಜೀ', ಎಡಕ್ಕೆ 'ಹಾ', ನಿಲ್ಲಲು 'ವೋ', ಹೊರಡಲು 'ಹೈಕ್'. ಫ್ರೆಂಚ್ ಭಾಷೆಯ 'ಮಾರ್ಶ್' ಎಂಬುದರಿಂದ ಬಂದ 'ಮಷ್' ಎಂಬ ಪದ ಬಂಡಿ ಓಡಿಸುವವರಿಗೆ ಮಷರ್ ಎಂಬ ಹೆಸರನ್ನು ಕೊಟ್ಟಿತಾದರೂ ನಾಯಿಗಳಿಗೆ ಅದನ್ನು ಹೇಳುವವರು ಈಗ ಕಡಿಮೆ. ಜೀ ಮತ್ತು ಹಾ ಎಂಬ ಕೂಗುಗಳು ಮೂಲತಃ ನೇಗಿಲಿಗೆ ಕಟ್ಟಿದ ಎತ್ತು ಕುದುರೆಗಳಿಗೆ ಇಂಗ್ಲಿಷ್ ರೈತರು ಕೂಗುತ್ತಿದ್ದವು ಎಂದು ತಿಳಿದಾಗ, ಎತ್ತಿನ ಬಾಲ ಮುಟ್ಟದೆ ಬರಿಯ ನಾಲಗೆಯ ಲೊಚಗುಟ್ಟುವಿಕೆಯಿಂದಲೇ ಗಾಡಿ ತಿರುಗಿಸುತ್ತಿದ್ದ ನಮ್ಮ ಅಜ್ಜ ನೆನಪಾದರು. ಆದರೆ ಎತ್ತುಗಳು ಹೇಳಿದ್ದಕ್ಕೆ ಎಳೆಯುತ್ತಿದ್ದವು. ಇವುಗಳಿಗೆ ಹೇಳಬೇಕಾದದ್ದು ನಿಲ್ಲಲು ಮಾತ್ರ.

ಐದು ಕಿಲೋಮೀಟರ್ ಹೋಗುವಷ್ಟರಲ್ಲಿ ಬಲದಂಡೆಯ ಮೇಲೆ ಮೂಸ್‌ಹೈಡ್ ಎಂಬ ಹಳ್ಳಿ ಕಂಡಿತು. ಹಿಮದಲ್ಲಿ ಮುಚ್ಚಿಕೊಂಡ ಮನೆಗಳು, ಒಂದು ಇಗರ್ಜಿ. ಮಾರ್ಗದರ್ಶಿ ಬಂಡಿ ನಿಲ್ಲಿಸಿ ಹೇಳಿದ ಕತೆ ಇದು. ಕ್ಲೊಂಡೈಕ್ ಎಂಬುದು ಇಲ್ಲಿನ ಮೂಲನಿವಾಸಿಗಳಾದ ಹಾನ್ ಜನರ ಭಾಷೆಯ ಟ್ರೊಂಡೆಕ್ ಎಂಬ ಹೆಸರನ್ನು ಉಚ್ಚರಿಸಲಾಗದವರ ನಾಲಗೆಯಲ್ಲಿ ಹುಟ್ಟಿದ್ದು. ನದಿಯ ತಳಕ್ಕೆ ಗೂಟ ಬಡಿದು ಸಾಲ್ಮನ್ ಮೀನಿಗೆ ತಡೆಬೇಲಿ ಕಟ್ಟಲು ಬಳಸುತ್ತಿದ್ದ ಸುತ್ತಿಗೆಕಲ್ಲು ಆ ಹೆಸರಿನೊಳಗಿದೆ. ಎರಡು ನದಿ ಕೂಡುವಲ್ಲಿದ್ದ ಆ ಜನರ ಮೀನುಗಾರಿಕೆಯ ನೆಲೆಯ ಸುತ್ತ ಚಿನ್ನಕ್ಕೆ ಬಂದವರು ಮುತ್ತಿಕೊಂಡಾಗ ಅವರ ನಾಯಕ ಚೀಫ್ ಐಸಾಕ್ ತನ್ನ ಜನರನ್ನು ಇಲ್ಲಿಗೆ ಕರೆತಂದ. ಇಷ್ಟರಲ್ಲೇ ನಿಲ್ಲುವುದಿಲ್ಲವೆಂದು ಊಹಿಸಿದ ಆತ ತಮ್ಮ ಹಾಡುಗಳನ್ನೂ ಕುಣಿತಗಳನ್ನೂ ಅಲಾಸ್ಕಾದ ನೆಂಟರ ಬಳಿ ಜೋಪಾನವಾಗಿಡಲು ಕೊಟ್ಟ. ಅವನ ಮೊಮ್ಮಕ್ಕಳ ತಲೆಮಾರು 1990ರ ದಶಕದಲ್ಲಿ ಅವನ್ನು ಅಲ್ಲಿಂದ ಮರಳಿ ಕಲಿತು ತಂದಿತು. ಮನೆಗೆ ಬೆಂಕಿ ಬೀಳುವುದು ಖಚಿತವಾದಾಗ ದೇವರ ಪೆಟ್ಟಿಗೆಯನ್ನು ಪಕ್ಕದ ಊರಿಗೆ ಸಾಗಿಸುವವರನ್ನು ಕೇಳಿದ್ದೇನೆ. ಹಾಡನ್ನು ಅಡವಿಟ್ಟು ಉಳಿಸಿಕೊಂಡವರ ಕತೆಯನ್ನು ಕೇಳಿದ್ದು ಅದೇ ಮೊದಲು. ಮೂಸ್‌ಹೈಡ್, ಡಾಸನ್, ಫಾರ್ಟಿಮೈಲ್ ಮೊದಲಾದ ತಾಣಗಳು ಟ್ರೊಂಡೆಕ್-ಕ್ಲೊಂಡೈಕ್ ಎಂಬ ಜೋಡಿ ಹೆಸರಿನಲ್ಲಿ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ನದಿಯ ಮೇಲೆ ಓಡುವುದೆಂದರೆ ಗಾಜಿನಂತಹ ಸಮತಟ್ಟಿನ ಮೇಲೆ ಜಾರುವುದು ಎಂದುಕೊಂಡಿದ್ದೆ. ಹಾಗಿರಲಿಲ್ಲ. ನವೆಂಬರಿನಲ್ಲಿ ತೇಲುವ ಮಂಜುಗಡ್ಡೆಯ ಹಾಳೆಗಳು ಒಂದಕ್ಕೊಂದು ಗುದ್ದಿ, ಎದ್ದು, ಅದೇ ಭಂಗಿಯಲ್ಲಿ ಹೆಪ್ಪುಗಟ್ಟುವುದರಿಂದ ಕೆಲವು ಕಡೆ ನದಿಯು ಒಡೆದ ಚಪ್ಪಡಿಗಳ ಗುಡ್ಡೆಯಾಗಿರುತ್ತದೆ. ಕೆಲವು ಕಡೆ ಮಂಜುಗಡ್ಡೆಯ ಮೇಲೆಯೇ ಕೆಳಗಿನ ನೀರು ಉಕ್ಕಿ ಹರಿದು ಹಿಮದಡಿ ಅಡಗಿರುತ್ತದೆ. ಇದನ್ನು ಅವರು ಓವರ್‌ಫ್ಲೋ ಎನ್ನುತ್ತಾರೆ. ಮೈನಸ್ 25 ಡಿಗ್ರಿಯಲ್ಲಿ ಕಾಲು ಒದ್ದೆಯಾದರೆ ನಾಯಿಗೂ ಮನುಷ್ಯನಿಗೂ ಬೆಂಕಿ ಹಚ್ಚಿ ಒಣಗಿಸಿಕೊಳ್ಳದೆ ಗತಿಯಿಲ್ಲ. ನದಿಯೇ ಈಗ ಹಳೆಯ ಮಾತಿಗೆ ನಿಲ್ಲುತ್ತಿಲ್ಲ. ಡಾಸನ್‌ನ ಎದುರುದಂಡೆಯವರು ಪ್ರತಿ ಚಳಿಗಾಲ ಮಂಜುಗಡ್ಡೆಯ ಸೇತುವೆಯ ಮೇಲೆ ಕಾರು ಓಡಿಸಿಕೊಂಡು ಪೇಟೆಗೆ ಬರುತ್ತಿದ್ದರು. 2016-17ರ ಚಳಿಗಾಲದಲ್ಲಿ ಆ ಜಾಗದಲ್ಲಿ ನೀರು ಕಟ್ಟಲೇ ಇಲ್ಲ. ಮೀನಿನ ಕತೆಯೂ ಹಾಗೆಯೇ. ಬೇಸಿಗೆಯಲ್ಲಿ ಹಿಡಿದು ಒಣಗಿಸಿಟ್ಟ ಸಾಲ್ಮನ್ ಈ ದಾರಿಯ ನಾಯಿಗಳ ಅನ್ನವಾಗಿತ್ತು, ಚಮ್ ಎಂಬ ಜಾತಿಯ ಸಾಲ್ಮನ್‌ಗೆ ನಾಯಿಸಾಲ್ಮನ್ ಎಂಬ ಹೆಸರೇ ಇದೆ. ಈಗ ಮೀನು ಬಾರದೆ, ಚಿನೂಕ್ ಸಾಲ್ಮನ್ ಹಿಡಿಯುವುದನ್ನು ಏಳು ವರ್ಷ ನಿಲ್ಲಿಸಲು ಕೆನಡಾ ಮತ್ತು ಅಲಾಸ್ಕಾ 2024ರಲ್ಲಿ ಒಪ್ಪಿಕೊಂಡಿವೆ. ನಮ್ಮ ನಾಯಿಗಳು ತಿಂದದ್ದು ದಕ್ಷಿಣದಿಂದ ಲಾರಿಯಲ್ಲಿ ಬಂದ ಒಣ ಆಹಾರವನ್ನು, ಕೊಬ್ಬು ಕಲಸಿದ ಬಿಸಿನೀರಿನೊಡನೆ.

ರಾತ್ರಿ ತಂಗುವ ಗುಡಿಸಲು ತಲುಪಿದ ಸಂಜೆ ಮೊದಲ ಕೆಲಸ ನಾಯಿಗಳದು. ಮಂಜುಗಡ್ಡೆಗೆ ತೂತು ಕೊರೆದು ನೀರು ಸೇದಬೇಕು, ಒಲೆ ಹಚ್ಚಬೇಕು, ಹುಲ್ಲು ಹಾಸಬೇಕು, ಪ್ರತಿಯೊಂದರ ಕಾಲಿನ ಬೂಟಿಗಳನ್ನು ಬಿಚ್ಚಿ ಬೆರಳ ಸಂದುಗಳನ್ನು ನೋಡಬೇಕು. ಬೂಟಿ ಎಂದರೆ ಗಟ್ಟಿ ಬಟ್ಟೆಯ ಪುಟ್ಟ ಚೀಲ. ಹೆಪ್ಪುಗಟ್ಟಿದ ಒರಟು ಹರಳುಗಳಿಂದ ಪಾದ ಸೀಳದಿರಲೆಂದು ತೊಡಿಸುವುದು. ಕೈಗವಸು ತೆಗೆದರೆ ನಿಮಿಷದಲ್ಲಿ ಬೆರಳು ಮರಗಟ್ಟುತ್ತದೆ, ತೆಗೆಯದಿದ್ದರೆ ಪಟ್ಟಿ ಬಿಚ್ಚಲಾಗುವುದಿಲ್ಲ. ಜೀರಿಗೆಯ ಹಿಂಗಾಲಿನ ಎರಡು ಬೆರಳ ನಡುವೆ ಬಟಾಣಿ ಗಾತ್ರದ ಮಂಜಿನ ಉಂಡೆ ಕೂದಲಿಗೆ ಕಚ್ಚಿಕೊಂಡಿತ್ತು. ಕೀಳಬೇಡಿ, ಕರಗಿಸಿ ಎಂದರು ಮಾರ್ಗದರ್ಶಿ. ಅವಳ ಪಾದವನ್ನು ಅಂಗೈಯಲ್ಲಿ ಹಿಡಿದು ಬಾಯಿಂದ ಬಿಸಿಯುಸಿರು ಊದುತ್ತ ಕುಳಿತೆ. ಪಾದ ನನ್ನ ಕೈಗಿಂತ ಬೆಚ್ಚಗಿತ್ತು. ಕೊನೆಗೆ ಕರಗಿದ್ದು ನನ್ನ ಉಸಿರಿನಿಂದಲೋ ಅವಳದೇ ಕಾವಿನಿಂದಲೋ ಹೇಳಲಾರೆ. ಅಷ್ಟರಲ್ಲಿ ನನ್ನ ಬೆರಳುಗಳಿಗೆ ಮಾತ್ರ ಜೀವ ಬಂದಿತ್ತು. ಊಟ ಮುಗಿಸಿದ ನಾಯಿ ಮೂರು ಸುತ್ತು ಸುತ್ತಿ, ಬಾಲವನ್ನು ಮೂಗಿನ ಮೇಲೆಳೆದುಕೊಂಡು, ಚಕ್ಕುಲಿಯಂತೆ ಮಲಗಿಬಿಟ್ಟಿತು.

ಈ ದಾರಿಯಲ್ಲಿ 1910ರಿಂದ ಸುಮಾರು ನಲವತ್ತು ವರ್ಷ ಅಂಚೆ ಸಾಗಿಸಿದವನು ಪರ್ಸಿ ಡಿವುಲ್ಫ್. ಡಾಸನ್‌ನಿಂದ ಅಲಾಸ್ಕಾದ ಈಗಲ್‌ವರೆಗೆ 160 ಕಿಲೋಮೀಟರ್, ಚಳಿಗಾಲದಲ್ಲಿ ನಾಯಿಬಂಡಿ, ಬೇಸಿಗೆಯಲ್ಲಿ ದೋಣಿ. ಅವನ ಹೆಸರಿನಲ್ಲಿ ಈಗಲೂ ಇದೇ ನದಿಯ ಮೇಲೆ ನಾಯಿಬಂಡಿಗಳ ಓಟ ನಡೆಯುತ್ತದೆ. ಚಿನ್ನದವರ ಕತೆಗಳು ಬೇಕಾದಷ್ಟಿವೆ, ಆದರೆ ಆ ದಾರಿಯಲ್ಲಿ ನಿಂತಾಗ ನನಗೆ ಹೆಚ್ಚು ಹತ್ತಿರವೆನ್ನಿಸಿದವನು ಬೇರೆಯವರ ಕಾಗದ ಹೊತ್ತು ಹೋಗಿ, ಕಾಗದ ಹೊತ್ತು ಬರುತ್ತಿದ್ದ ಈ ಮನುಷ್ಯ. ದಾರಿಯಾಚೆ ಏನಿದೆಯೆಂದು ಅವನಿಗೆ ಮೊದಲೇ ಗೊತ್ತಿತ್ತು, ಅವನ ನಾಯಿಗಳಿಗೂ ಗೊತ್ತಿತ್ತು.

ಚಿನ್ನದವರು ತಂದ ನಾಯಿಗಳ ಪಾಡು ಬೇರೆಯೇ. 1897ರ ಜುಲೈ 17ರಂದು ಸಿಯಾಟಲ್ ಬಂದರಿಗೆ ಪೋರ್ಟ್‌ಲ್ಯಾಂಡ್ ಎಂಬ ಹಡಗು ಟನ್ನುಗಟ್ಟಲೆ ಚಿನ್ನ ತಂದಿದೆಯೆಂಬ ಸುದ್ದಿ ಹಬ್ಬಿದ ಮೇಲೆ ಸುಮಾರು ಒಂದು ಲಕ್ಷ ಜನ ಉತ್ತರಕ್ಕೆ ಹೊರಟರೆಂದು ಅಂದಾಜು. ಒಂದು ವರ್ಷಕ್ಕೆ ಸಾಲುವ ಸಾಮಾನಿಲ್ಲದೆ ಯಾರನ್ನೂ ಗಡಿಯೊಳಗೆ ಬಿಡುವುದಿಲ್ಲವೆಂದು ಕೆನಡಾದ ಪೊಲೀಸರು ಹಟ ಹಿಡಿದದ್ದರಿಂದ ತಲೆಗೆ ಸುಮಾರು ಒಂದು ಟನ್ ಹೊರೆ. ಅದನ್ನು ಎಳೆಯಲು ಪೆಸಿಫಿಕ್ ತೀರದ ನಗರಗಳಲ್ಲಿ ಕೈಗೆ ಸಿಕ್ಕ ದೊಡ್ಡ ನಾಯಿಗಳನ್ನೆಲ್ಲ ಕೊಂಡರು, ಕೆಲವರು ಕದ್ದರು. ಮನೆಯ ಜಗಲಿ ಕಾಯುತ್ತಿದ್ದ ಸೇಂಟ್ ಬರ್ನಾರ್ಡ್, ನ್ಯೂಫೌಂಡ್‌ಲ್ಯಾಂಡ್ ನಾಯಿಗಳು ಒಂದು ತಿಂಗಳಲ್ಲಿ ಹಿಮದ ಕಣಿವೆಗಳಲ್ಲಿದ್ದವು. ವೈಟ್ ಪಾಸ್ ಕಣಿವೆಯಲ್ಲಿ ಸತ್ತ ಕುದುರೆಗಳೇ ಸುಮಾರು ಮೂರು ಸಾವಿರ ಎನ್ನುತ್ತಾರೆ. ಸತ್ತ ನಾಯಿಗಳನ್ನು ಯಾರೂ ಎಣಿಸಿಲ್ಲ.

ಎರಡನೆಯ ರಾತ್ರಿ ಒಲೆಯ ಮುಂದೆ ಮಾರ್ಗದರ್ಶಿ ಇನ್ನೊಂದು ಪ್ರಸಂಗ ತೆಗೆದರು. 1910ರ ಡಿಸೆಂಬರಿನಲ್ಲಿ ಇನ್ಸ್‌ಪೆಕ್ಟರ್ ಫಿಟ್ಜ್‌ಜೆರಾಲ್ಡ್ ಎಂಬ ಪೊಲೀಸ್ ಅಧಿಕಾರಿ ಮೂವರು ಸಂಗಡಿಗರು, ಮೂರು ಬಂಡಿ, ಹದಿನೈದು ನಾಯಿಗಳೊಡನೆ ಫೋರ್ಟ್ ಮ್ಯಾಕ್‌ಫರ್ಸನ್‌ನಿಂದ ಡಾಸನ್‌ಗೆ ಹೊರಟ. ಬೇಗ ತಲುಪುವ ಹಂಬಲದಲ್ಲಿ ಆಹಾರವನ್ನು ಕಡಿಮೆ ತುಂಬಿಸಿಕೊಂಡಿದ್ದ. ನಡುವೆ ಕೆಲವು ದಿನ ದಾರಿ ತೋರಿದ ಗ್ವಿಚಿನ್ ಜನಾಂಗದವನನ್ನು ಕೂಲಿ ಕೊಟ್ಟು ಕಳುಹಿಸಿಬಿಟ್ಟ. ಆಮೇಲೆ ತಿರುಗಬೇಕಾದ ತೊರೆ ಸಿಗಲಿಲ್ಲ. ದಿನಗಟ್ಟಲೆ ಹುಡುಕಿ ಹಿಂದಿರುಗುವಾಗ ನಾಯಿಗಳನ್ನು ಒಂದೊಂದಾಗಿ ಕೊಂದು ತಿಂದರು. ಮೊದಲ ನಾಯಿಯ ಮಾಂಸವನ್ನು ಉಳಿದ ನಾಯಿಗಳಿಗೆ ಹಾಕಿದಾಗ ಅವುಗಳಲ್ಲಿ ಬಹುಪಾಲು ಮುಟ್ಟಲಿಲ್ಲವೆಂದು ಆತ ದಿನಚರಿಯಲ್ಲಿ ಬರೆದಿದ್ದಾನೆ. ನಾಲ್ವರೂ ಸತ್ತರು, ಇಬ್ಬರು ಫೋರ್ಟ್ ಮ್ಯಾಕ್‌ಫರ್ಸನ್‌ಗೆ ಸುಮಾರು 40 ಕಿಲೋಮೀಟರ್ ದೂರದಲ್ಲಿ. ಹುಡುಕಲು ಹೋದ ಕಾರ್ಪೊರಲ್ ಡೆಂಪ್‌ಸ್ಟರ್ ಗ್ವಿಚಿನ್ ಮಾರ್ಗದರ್ಶಿಯೊಬ್ಬನನ್ನು ಜೊತೆಗೆ ಕರೆದೊಯ್ದಿದ್ದ. ಉತ್ತರದ ಹೆದ್ದಾರಿಗೆ ಡೆಂಪ್‌ಸ್ಟರ್‌ನ ಹೆಸರಿದೆ. ಕತೆ ಮುಗಿದ ಮೇಲೆ ನಾವಿಬ್ಬರೂ ಹೊರಗೆ ಹೋಗಿ ನಾಯಿಗಳನ್ನು ನೋಡಿ ಬಂದೆವು. ಹಾಗೆ ಮಾಡೋಣವೆಂದು ಯಾರೂ ಹೇಳಿರಲಿಲ್ಲ.

ನನಗಿದ್ದ ಮುಜುಗರವನ್ನು ಅಲ್ಲಿಯೇ ಅವರ ಮುಂದೆ ಇಟ್ಟೆ. ಮೋಜಿಗೆ ಬಂದ ನನ್ನಂಥವನನ್ನು ಎಳೆಯಲು ಈ ಪ್ರಾಣಿಗಳನ್ನು ವರ್ಷವಿಡೀ ಸರಪಳಿಯಲ್ಲಿ ಕಟ್ಟಿಡುವುದು ಸರಿಯೇ? ಅವರು ಸಿಟ್ಟಾಗಲಿಲ್ಲ. ಸರಪಳಿಯ ವಿಷಯದಲ್ಲಿ ನನಗೂ ಉತ್ತರವಿಲ್ಲ, ಓಟದ ವಿಷಯದಲ್ಲಿ ನಾಳೆ ಬೆಳಿಗ್ಗೆ ಅವನ್ನೇ ಕೇಳಿ ಎಂದರು. ಮುದಿ ನಾಯಿಗಳು ಎರಡು ಅವರ ಮನೆಯ ಸೋಫಾದ ಮೇಲೆ ಮಲಗುವುದನ್ನು ನಾನು ನೋಡಿದ್ದೆ. ಎಲ್ಲ ಮುದಿ ನಾಯಿಗಳಿಗೂ ಸೋಫಾ ಸಿಗುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಫಾರ್ಟಿಮೈಲ್‌ನಲ್ಲಿ ನೋಡುವುದು ಹೆಚ್ಚಿಲ್ಲ. ಬಣ್ಣ ಹೋದ ಕೆಲವು ಮರದ ಕಟ್ಟಡಗಳು, ಒಂದು ಇಗರ್ಜಿ, ಹಿಮದಲ್ಲಿ ಸೊಂಟದವರೆಗೆ ಹೂತ ಬಾಗಿಲುಗಳು. ಕ್ಯಾರಿಬೂ ಜಿಂಕೆಗಳ ಹಿಂಡು ನದಿ ದಾಟುವ ಜಾಗವೆಂದು ಹಾನ್ ಜನ ಇಲ್ಲಿಗೆ ಬರುತ್ತಿದ್ದದ್ದು ಚಿನ್ನಕ್ಕಿಂತ ಸಾವಿರಾರು ವರ್ಷ ಹಿಂದಿನ ಮಾತು. ಇಲ್ಲಿಂದ ಎದ್ದು ಓಡಿದವರೇ ಬೊನಾಂಜಾದ ಒಳ್ಳೆಯ ನೆಲವನ್ನೆಲ್ಲ ಗೂಟ ಹೊಡೆದು ಹಂಚಿಕೊಂಡರು. ದಕ್ಷಿಣದಿಂದ ಹೊರಟ ಲಕ್ಷದಲ್ಲಿ ಮೂವತ್ತು ನಲವತ್ತು ಸಾವಿರ ಮಂದಿ 1898ರ ಬೇಸಿಗೆಯಲ್ಲಿ ಡಾಸನ್ ಮುಟ್ಟುವ ಹೊತ್ತಿಗೆ ಅವರಿಗೆ ಉಳಿದದ್ದು ಬೇರೆಯವರ ಗುಂಡಿಯಲ್ಲಿ ಕೂಲಿ. ಆ ಒಂದು ವಿವರ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ: ಅಷ್ಟು ಕಷ್ಟಪಟ್ಟು ಬಂದವರಲ್ಲಿ ಅನೇಕರು ಹತ್ತಿಪ್ಪತ್ತು ಕಿಲೋಮೀಟರ್ ದೂರದ ಚಿನ್ನದ ತೊರೆಗಳವರೆಗೂ ಹೋಗಲಿಲ್ಲ. ಡಾಸನ್‌ನ ಕೆಸರು ಬೀದಿಯಲ್ಲಿ ಕೆಲವು ವಾರ ಸುಮ್ಮನೆ ಅತ್ತಿತ್ತ ಅಡ್ಡಾಡಿ, ಸಾಮಾನು ಮಾರಿ, ಟಿಕೆಟ್ಟು ಕೊಂಡು ಹಿಂದಿರುಗಿದರು. ತಲುಪುವ ಆತುರವೊಂದೇ ಅವರನ್ನು ಅಷ್ಟು ದೂರ ಎಳೆದು ತಂದಿತ್ತು, ತಲುಪಿದ ದಿನ ಅದು ಮುಗಿದುಹೋಗಿತ್ತು. ಈ ನಾಯಿಗಳಿಗೆ ಇರುವುದು ಓಡುವ ಆತುರ. ಇಡೀ ದಾರಿಯಲ್ಲಿ ಅವನ್ನು ನೋಡುತ್ತಿದ್ದ ನನಗೆ ಇವೆರಡೂ ಬೇರೆ ಬೇರೆ ಎಂದು ತಿಳಿಯಲು ಇಲ್ಲಿಯವರೆಗೆ ಬರಬೇಕಾಯಿತು.

ಎರಡು ಗಂಟೆಯ ನಂತರ ಬಂಡಿಗಳನ್ನು ತಿರುಗಿಸಿದೆವು. ಬಂದ ದಾರಿಯಲ್ಲೇ ಹಿಂದಿರುಗುವುದೆಂದರೆ ನಾಯಿಗಳಿಗೆ ಬೇಸರವಾದೀತೇ ಎಂದುಕೊಂಡಿದ್ದೆ. ಜೀರಿಗೆ ತನ್ನದೇ ಹೆಜ್ಜೆಗಳನ್ನು ಮೂಸಿ, ಹಗ್ಗವನ್ನು ಬಿಗಿದು, ಗದ್ದಲ ಶುರುಮಾಡಿದಳು. ಈ ಸಲ ನಾನು ಕೈಬಿಡಲಿಲ್ಲ. ಮೂಸ್‌ಹೈಡ್ ದಾಟಿದ ಮೇಲಿನ ಒಂದು ಉಬ್ಬಿನಲ್ಲಿ ಬಂಡಿ ಪೂರ್ತಿ ಮಗುಚಿತಾದರೂ ಹಿಡಿಯನ್ನು ಕಚ್ಚಿಕೊಂಡು, ಅಂಗಿಯೊಳಗೆಲ್ಲ ಹಿಮ ತುಂಬಿಸಿಕೊಳ್ಳುತ್ತ, ಸಾಕಷ್ಟು ದೂರ ಮಲಗಿಕೊಂಡೇ ಪ್ರಯಾಣ ಮಾಡಿದೆ.

ಮರುದಿನ ವೈಟ್‌ಹಾರ್ಸ್‌ಗೆ ಹೊರಡುವ ಮೊದಲು ಮರೆತ ಟೊಪ್ಪಿಗೆ ತೆಗೆದುಕೊಳ್ಳಲು ನಾಯಿಗಳ ಅಂಗಳಕ್ಕೆ ಹೋದೆ. ನನಗಿಂತ ಉದ್ದನೆಯ ಯಾರೋ ಒಬ್ಬರು ಹೊಸ ಬೂಟು ಹಾಕಿಕೊಂಡು, ಹಿಡಿ ಬಿಡಬಾರದೆಂಬ ಮಾತನ್ನು ತಲೆಯಾಡಿಸುತ್ತ ಕೇಳಿಸಿಕೊಳ್ಳುತ್ತಿದ್ದರು. ಒಗ್ಗರಣೆ ಡಬ್ಬಿಯನ್ನು ಮತ್ತೆ ಬಂಡಿಗೆ ಕಟ್ಟಲಾಗಿತ್ತು. ನಾನು ಹತ್ತಿರ ಹೋಗಿ ಮಂಡಿಯೂರಿ ಜೀರಿಗೆಯ ಕಿವಿಯ ಹಿಂದೆ ತುರಿಸಿದೆ. ಅವಳು ನನ್ನ ಕೈಯನ್ನು ಒಮ್ಮೆ ನೆಕ್ಕಿ, ದಾರಿಗೆ ಅಡ್ಡವಾಗಿದ್ದ ನನ್ನ ಭುಜದ ಪಕ್ಕದಿಂದ ಕತ್ತು ಚಾಚಿ, ನದಿಯ ಕಡೆಗೆ ನೋಡುತ್ತ ಬೊಗಳತೊಡಗಿದಳು.